ಮೆಟ್ಟಿಲು ನುಂಗಿದ ರೊಟ್ಟಿ ಕೋಣೆ

ಹೊಸಪೇಟೆಯಿಂದ ಟಿ.ಬಿ. ಡ್ಯಾಂ ಕಡೆಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಮನೆ ಇದೆ. ಹಾದುಹೋಗುವವರು ಒಮ್ಮೆ ನಿಂತು ನೋಡುತ್ತಾರೆ. ಚೆಂದ ಇದೆ ಎಂದಲ್ಲ, ಇದು ಮನೆಯೋ ಲಾಡ್ಜೋ ಕಲ್ಯಾಣ ಮಂಟಪವೋ ತಿಳಿಯದೆ. ಮುಂದುಗಡೆ ಹಂಪಿಯ ನಮೂನೆಯ ಎರಡು ಕಂಬಗಳಿವೆ. ಅವು ಏನನ್ನೂ ಹೊತ್ತಿಲ್ಲ, ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಗೇಟಿನ ಪಕ್ಕ ಕರಿ ಗ್ರಾನೈಟಿನ ಕಟ್ಟೆಯಿದೆ; ಬಿಸಿಲೇರಿದ ಮೇಲೆ ಅದರ ಮೇಲೆ ನಾಯಿ ಕೂಡ ಕೂರುವುದಿಲ್ಲ. ಮನೆಯ ಯಜಮಾನರು ನನ್ನ ಗಂಡ. ಬಂದವರಿಗೆಲ್ಲ ಅವರು ಹೇಳುವ ಮಾತು ಒಂದೇ: "ಮೂರು ಮಂದಿ ಆರ್ಕಿಟೆಕ್ಟ್ ಕೂಡಿ ಮಾಡಿದ ಮನಿರಿ ಇದು." ಆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಲ್ಲ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದನ್ನು ನಾನು ಹೇಳುತ್ತೇನೆ.

ಅದಕ್ಕೂ ಮೊದಲು ರೊಟ್ಟಿಯ ವಿಷಯ ಹೇಳಬೇಕು. ನಮ್ಮ ಅತ್ತೆ, ತಮ್ಮ ಗಂಡ ತೀರಿಕೊಂಡ ಮೇಲೆ, ಊರೊಳಗಿನ ಹಳೇ ಓಣಿಯ ಬಾಡಿಗೆ ಮನೆಯಲ್ಲಿ ಜೋಳದ ರೊಟ್ಟಿ ಬಡಿದು, ಖಾನಾವಳಿಗಳಿಗೆ ಕೊಟ್ಟು, ಇದ್ದ ಒಬ್ಬ ಮಗ, ಒಬ್ಬ ಮಗಳನ್ನು ಬೆಳೆಸಿದವರು. ಮಗಳನ್ನು ಕಂಪ್ಲಿಗೆ ಕೊಟ್ಟಿದ್ದು ರೊಟ್ಟಿಯಿಂದ. ಮಗನಿಗೆ ಲಾರಿ ಸ್ಪೇರ್ ಪಾರ್ಟ್ಸಿನ ಅಂಗಡಿ ಹಾಕಿಕೊಟ್ಟಿದ್ದೂ ರೊಟ್ಟಿಯಿಂದ. ಅವರ ಕೈ ನಡುಗತೊಡಗಿದಾಗ ಹಂಚು ನನ್ನ ಪಾಲಿಗೆ ಬಂತು. ಅವರು ಹೋದ ಮೇಲೂ ಒಲೆ ಆರಲು ನಾನು ಬಿಡಲಿಲ್ಲ. ಓಣಿಯ ಇಬ್ಬರು ಹೆಂಗಸರು ಜೊತೆಗೆ ಕೂತರು. ಬಿಸಿ ರೊಟ್ಟಿ ಊರಿನ ಖಾನಾವಳಿಗೆ, ಖಡಕ್ ರೊಟ್ಟಿಯ ಕಟ್ಟು ಸಂಡೂರಿನ ಗಣಿ ಕೆಲಸದವರ ಮೆಸ್ಸಿಗೆ, ಹಂಪಿಯ ಗೆಸ್ಟ್ ಹೌಸುಗಳಿಗೆ. ಹಂಪಿಯಲ್ಲಿ ಅದನ್ನು ಹಪ್ಪಳ ಎಂದುಕೊಂಡು ಮುರಿದು ತಿನ್ನುವವರೂ ಇದ್ದಾರಂತೆ. ತಿನ್ನಲಿ, ನನ್ನ ಗಂಟೇನು ಹೋಗುವುದಿಲ್ಲ.

ಈ ಒಲೆ ನನಗೆ ಬೇಕು. ಬರುವ ಕಾಸಿಗಷ್ಟೇ ಅಲ್ಲ. ಮದುವೆಯಾಗಿ ಬಂದ ಮೇಲೆ ನಾನು ಯಾರದೋ ಸೊಸೆ, ಯಾರದೋ ಹೆಂಡತಿ, ಯಾರದೋ ತಾಯಿ. ಹಂಚಿನ ಮುಂದೆ ಕೂತಾಗ ಮಾತ್ರ "ರೊಟ್ಟಿ ಅಕ್ಕಾರ" ಎಂದು ಕರೆಸಿಕೊಂಡವಳು. ಆ ಹೆಸರು ಯಾರೂ ಇಟ್ಟದ್ದಲ್ಲ, ಬಡಿದು ಗಳಿಸಿದ್ದು. ಹಾಗಾಗಿ ಡ್ಯಾಂ ರಸ್ತೆಯಲ್ಲಿ ಸೈಟು ತೆಗೆದುಕೊಂಡಾಗ ನಾನು ಕೇಳಿದ್ದು ಒಂದೇ. ಮೇಲೆ ಬೇಕಾದರೆ ಮಾಳಿಗೆ ಹಾಕಿಸಿ, ಕೆಳಗೆ ನನಗೊಂದು ರೊಟ್ಟಿ ಕೋಣೆ ಇರಲಿ. ನಮ್ಮ ಮನೆಯವರು "ಅದೇನ್ ದೊಡ್ಡ ಮಾತು" ಎಂದರು. ಅದು ದೊಡ್ಡ ಮಾತೇ ಆಗಿತ್ತು.

ಈ ಕಥೆಯ ಗುರುಗಳು ಕಂಪ್ಲಿಯಲ್ಲಿದ್ದಾರೆ. ನಮ್ಮ ನಾದಿನಿಯ ಗಂಡ, ರೈಸ್ ಮಿಲ್ಲಿನ ಸಾಹುಕಾರರು. ಸೈಟು ರಿಜಿಸ್ಟರ್ ಆದ ಮೇಲೆ ನಮ್ಮನ್ನು ಊಟಕ್ಕೆ ಕರೆದು, ತಾವು ಕಟ್ಟಿಸಿದ ಮನೆಯನ್ನು ಮೂಲೆ ಮೂಲೆ ತೋರಿಸಿದರು. ಆಮೇಲೆ ಊಟಕ್ಕೆ ಕೂತು ಬಾಮೈದನಿಗೆ ಉಪದೇಶ ಮಾಡಿದರು.

"ಆರ್ಕಿಟೆಕ್ಟ್ ಅಂದ್ರ ಕಬ್ಬಿದ್ದಂಗ ನೋಡಪಾ. ಮೊದಲನೇ ಸಲ ಗಾಣಕ್ಕ ಕೊಟ್ಟಾಗ್ಲೇ ರಸ ಎಲ್ಲಾ ಬಂದ್ಬಿಡ್ತದ. ಮೊದಲನೇ ನಕ್ಷಿ ಕಾಗದಕ್ಕ ಎಷ್ಟಾತೋ ಅಷ್ಟು ಕೊಡು, ಕೈ ಮುಗಿ, ಹೇಳಿ ಕಳಸ್ತೀವಿ ಅನ್ನು. ಆಮ್ಯಾಲೆ ಇನ್ನೊಬ್ಬನ ಹತ್ರ ಹೋಗು. ಅವನ ಕಡಿಂದಾನೂ ಮೊದಲನೇ ಕಾಗದ. ಎಲ್ಲಾರ ಐಡಿಯಾನೂ ನಿನ್ನ ಕಿಸೇದಾಗ! ಮನಿ ಕಟ್ಟಾಕ ಮೇಸ್ತ್ರಿ ಇದಾನ."

"ಅವರು ಸಿಟ್ಟಾಗಂಗಿಲ್ಲೇನು ಮಾಮಾ?"

"ಯಾಕಾಗ್ತಾರ? ರೊಕ್ಕ ಕೊಟ್ಟೀವಲ್ಲ. ಕದ್ದೀವೇನು?"

ಹೀಗೆ ಹೇಳುತ್ತಿದ್ದಾಗ ಅವರ ಹಿರಿ ಮಗ ಬಚ್ಚಲಮನೆಯ ಬಾಗಿಲನ್ನು ಬೆರಳಷ್ಟು ತೆರೆದು ಇಣುಕಿದ. ಬಚ್ಚಲ ಬಾಗಿಲು ನಾವು ಊಟಕ್ಕೆ ಕೂತಿದ್ದ ಜಾಗಕ್ಕೇ ತೆರೆಯುತ್ತಿತ್ತು. ಉಂಡವರು ಎದ್ದು ಹೋಗುವವರೆಗೆ ಸ್ನಾನಕ್ಕೆ ಹೋದವರು ಒಳಗೇ ಇರಬೇಕು. ಪಾಪ, ಅವನು ನಮ್ಮನ್ನು ನೋಡಿ ಮತ್ತೆ ಬಾಗಿಲು ಹಾಕಿಕೊಂಡ. ನನ್ನ ನಾದಿನಿ ಏನೂ ಆಗಿಲ್ಲವೆಂಬಂತೆ ಮೊಸರು ಬಡಿಸಿದರು. ನಮ್ಮ ಮನೆಯವರ ಕಣ್ಣಿಗೆ ಬಚ್ಚಲ ಬಾಗಿಲು ಬೀಳಲೇ ಇಲ್ಲ. ಅವರು ಛಾವಣಿಗೆ ಬಡಿದಿದ್ದ ಬಣ್ಣದ ದೀಪಗಳನ್ನು ಎಣಿಸುತ್ತಿದ್ದರು.

ಮೊದಲು ಬಂದವಳು ಒಬ್ಬ ಹುಡುಗಿ. ಆರ್ಕಿಟೆಕ್ಟ್ ಓದು ಮುಗಿಸಿ ನಮ್ಮೂರಲ್ಲೇ ಒಂದು ಔಷಧಿ ಅಂಗಡಿಯ ಮಾಳಿಗೆಯ ಮೇಲೆ ಆಫೀಸು ತೆರೆದಿದ್ದಳು. ನಮ್ಮ ಮನೆಯವರು ಅವಳನ್ನು ಆರಿಸಿದ್ದು ಹೊಸಬಳು, ಕಡಿಮೆಗೆ ಮಾಡಿಕೊಡುತ್ತಾಳೆ ಎಂದು. ಅವಳು ಸೈಟು ನೋಡಿದಳು. ಆಮೇಲೆ ಈಗಿರುವ ಮನೆಯನ್ನೂ ನೋಡಬೇಕು ಎಂದಳು.

"ಅದರಾಗೇನು ನೋಡ್ತೀರಿ ಮೇಡಂ? ಅದು ಬಾಡಿಗಿ ಮನಿ. ಬಿಡೋ ಮನಿ."

"ಮನಿ ಅಲ್ರಿ, ಮನ್ಯಾಗ ಏನ್ ಮಾಡ್ತೀರಿ ಅನ್ನೋದು ನೋಡ್ಬೇಕು."

ಮರುದಿನ ಬೆಳಗ್ಗೆಯೇ ಬಂದು, ಚಪ್ಪಲಿ ಬಿಟ್ಟು, ಒಲೆಯ ಪಕ್ಕ ನೆಲದ ಮೇಲೆ ಕೂತಳು. ಹೊಗೆಗೆ ಕಣ್ಣಲ್ಲಿ ನೀರು ಬಂದರೂ ಏಳಲಿಲ್ಲ. ನಾನು ಎಸರಿಗೆ ಹಿಟ್ಟು ಹಾಕುವುದು, ನಾದುವುದು, ಬಡಿಯುವುದು, ಹಂಚಿಗೆ ಹಾಕಿ ಒದ್ದೆ ಬಟ್ಟೆಯಲ್ಲಿ ನೀರು ಸವರುವುದು, ಕೆಂಡಕ್ಕೆ ಒರಗಿಸಿ ಉಬ್ಬಿಸುವುದು ಎಲ್ಲ ನೋಡಿದಳು. ರೊಟ್ಟಿ ಕೇಳಲು ಯಾರಾದರೂ ಬಂದಾಗಲೆಲ್ಲ ನಾನು ಮೊಣಕಾಲು ಹಿಡಿದುಕೊಂಡು ಏಳುವುದನ್ನೂ, ಕೊಟ್ಟು ಬಂದು ಮತ್ತೆ ಕೂರುವುದನ್ನೂ ನೋಡಿದಳು. ಇಷ್ಟು ವರ್ಷದಲ್ಲಿ ನನ್ನ ಮೊಣಕಾಲಿನ ಸುದ್ದಿ ಕೇಳಿದವರು ಯಾರೂ ಇರಲಿಲ್ಲ. ಅವಳು ಕೇಳಿದಳು. ನನಗೆ ಅವಳ ಮೇಲೆ ಅಲ್ಲೇ ಪ್ರೀತಿ ಹುಟ್ಟಿತು.

ಅವಳು ತಂದ ಕಾಗದದಲ್ಲಿ ಮನೆಯ ಬಲಗಡೆ, ಸೈಟಿನ ಪಕ್ಕದ ಸಣ್ಣ ಸಂದಿಗೆ ಹೊಂದಿಕೊಂಡು, ನನ್ನ ಕೋಣೆ ಇತ್ತು. ಅದರ ನೆಲವನ್ನು ಕಟ್ಟೆಯಷ್ಟು ಎತ್ತರಿಸಿದ್ದಳು. ಗೋಡೆಯಲ್ಲಿ ಒಂದು ಸಣ್ಣ ಕಿಟಕಿ. ನಾನು ಕೂತಲ್ಲೇ ಕೈ ಚಾಚಿದರೆ ಹೊರಗೆ ನಿಂತವರ ಕೈಗೆ ರೊಟ್ಟಿ ಸಿಗಬೇಕು, ಏಳುವ ಕೆಲಸವೇ ಬೇಡ. ಗಾಳಿ ಬರುವ ಕಡೆ ಕೆಳಗೆ ಕಿಂಡಿಗಳು, ಎದುರಿಗೆ ಸೂರಿನ ಹತ್ತಿರ ಇನ್ನಷ್ಟು ಕಿಂಡಿಗಳು. ಒಲೆಯ ಝಳ ಅಲ್ಲಿಂದ ಹೊರಬೀಳಬೇಕು. ಹೊರಗೆ ನೆರಳು ಬೀಳುವ ಕಡೆ ಗೋಡೆಗೆ ಹೊಂದಿಕೊಂಡು ಒರಟು ಕಲ್ಲಿನ ಕಟ್ಟೆ, ಕಾಯುವವರಿಗೆ. ನಾನು ಆ ಕಾಗದವನ್ನು ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಒಲೆ ಮೇಲೆ ರೊಟ್ಟಿ ಕರಕಾಯಿತು.

ನಮ್ಮ ಮನೆಯವರಿಗೂ ಹಿಡಿಸಿತು. ಅದೇ ತೊಂದರೆ. ಅವಳ ಮೊದಲ ಕಾಗದದ ಹಣ ಕೊಟ್ಟು, ಕೈ ಮುಗಿದು, "ಹೇಳಿ ಕಳಸ್ತೀವಿ ಮೇಡಂ" ಎಂದರು. ಕಂಪ್ಲಿಯ ಪಾಠವನ್ನು ಒಂದಕ್ಷರ ಬಿಡದೆ ಒಪ್ಪಿಸಿದರು.

ಎರಡನೆಯವರು ಹಂಪಿಯ ಕಡೆಯವರು, ಗೆಸ್ಟ್ ಹೌಸುಗಳಿಗೆ ನಕ್ಷೆ ಮಾಡಿಕೊಡುವವರು. ಬಾಳೆತೋಟದ ಅಂಚಿನಲ್ಲಿ ಅವರ ಆಫೀಸು. ನಮ್ಮ ಮನೆಯವರು ಹುಡುಗಿಯ ಕಾಗದವನ್ನು ಅವರ ಮೇಜಿನ ಮೇಲೆ ಹಾಸಿ, "ಇದರಾಗಿನ ಐಡಿಯಾ ಚೊಲೊ ಅದಾವ್ರಿ. ಇವನ್ನೂ ಸೇರಿಸ್ರಿ, ನಿಮ್ಮವೂ ಹಾಕ್ರಿ" ಎಂದರು.

"ಯಾರು ಮಾಡಿದ್ದು?" ಎಂದು ಅವರು ಕೇಳಿದರು.

"ನಮ್ದ ಅಂತ ತಿಳ್ಕೊಳ್ರಿ. ರೊಕ್ಕ ಕೊಟ್ಟೀವಿ."

ಅವರು ನಕ್ಕರು. ಸೇರಿಸಿಕೊಟ್ಟರು ಕೂಡ. ನಾಳೆ ತಮ್ಮ ಕಾಗದವೂ ಹೀಗೆಯೇ ಇನ್ನೊಬ್ಬರ ಮೇಜಿನ ಮೇಲೆ ಅಂಗಾತ ಬೀಳುತ್ತದೆ ಎಂದು ಅವರಿಗೆ ಹೊಳೆಯಲಿಲ್ಲವೋ, ಹೊಳೆದೂ ಸುಮ್ಮನಿದ್ದರೋ. ಅವರ ಕಾಗದದಲ್ಲಿ ಕಂಬಗಳು ಬಂದವು. ನನ್ನ ಕೋಣೆಯ ಎತ್ತರದ ನೆಲ ಎದ್ದು ಹೋಗಿ ಹಾಲಿನಲ್ಲಿ ಕೂತಿತು, ಸೋಫಾ ಇಡುವ ವೇದಿಕೆಯಾಗಿ. ಕೋಣೆ ಅರ್ಧಕ್ಕಿಳಿಯಿತು. ನಮ್ಮ ಮನೆಯವರನ್ನು ಕೇಳಿದರೆ, "ಸೋಫಾ ಎತ್ತರದಾಗ ಇದ್ರ ಗ್ರ್ಯಾಂಡ್ ಕಾಣ್ತತಿ. ನಿನಗ ತಿಳಿಯಂಗಿಲ್ಲ ಬಿಡು" ಎಂದರು. ಒಲೆ ಮುಂದೆ ಕೂರುವವಳಿಗೆ ಎತ್ತರ ಯಾಕೆ ಬೇಕಿತ್ತು ಎಂಬುದು ಅವರಿಗೆ ತಿಳಿದಿರಲಿಲ್ಲ. ತಿಳಿಯದವಳು ಮಾತ್ರ ನಾನು!

ಮೂರನೆಯವರು ಸಂಡೂರಿನಲ್ಲಿ ಗಣಿ ಕೆಲಸದವರ ಕ್ವಾರ್ಟರ್ಸಿಗೆ ನಕ್ಷೆ ಮಾಡುವವರು. ಅವರಿಗೆ ಎಲ್ಲವೂ ನೇರ ಇರಬೇಕು. ಅವರು ಮಲಗುವ ಕೋಣೆಗಳನ್ನು ರೈಲಿನ ಡಬ್ಬಿಗಳ ಹಾಗೆ ಸಾಲಾಗಿ ಜೋಡಿಸಿದರು, ನಮ್ಮ ಮನೆಯವರಿಗೆ ಅದೂ ಇಷ್ಟವಾಯಿತು. ಅವರ ಕಾಗದದಲ್ಲಿ ನನ್ನ ಕೋಣೆ ಒಂದು ಸಣ್ಣ ಚೌಕ, ಮೇಲೆ "ಸ್ಟೋರ್" ಎಂದು ಬರೆದಿತ್ತು. ಕಿಂಡಿಗಳು ನಮ್ಮ ಮಲಗುವ ಕೋಣೆಗೆ ವರ್ಗವಾಗಿದ್ದವು.

ಹೀಗೆ ಮೂರು ಕಾಗದ ಕೂಡಿದವು. ನಮ್ಮ ಮನೆಯವರು ಕೆಂಪು ಪೆನ್ನು ಹಿಡಿದು, ಇದರಲ್ಲಿ ಇದು, ಅದರಲ್ಲಿ ಅದು ಎಂದು ಗುಂಡು ಸುತ್ತಿ ಮೇಸ್ತ್ರಿಗೆ ಕೊಟ್ಟರು. ಸಂತೆಯಲ್ಲಿ ಬದನೆಕಾಯಿ ಆರಿಸುವ ಹಾಗೆ ಆರಿಸಿದ್ದರು. ಚೆಂದ ಕಂಡದ್ದಕ್ಕೆಲ್ಲ ಗುಂಡು ಬಿತ್ತು. ಒಂದಕ್ಕೆ ಮಾತ್ರ ಬೀಳಲಿಲ್ಲ, ಅದು ಯಾರಿಗೂ ಗೊತ್ತಾಗಲಿಲ್ಲ. ಪಾಯ ಮುಗಿದು ಗೋಡೆ ಎದೆಯ ಮಟ್ಟಕ್ಕೆ ಬಂದಾಗ ಮೇಸ್ತ್ರಿ ತಲೆ ಕೆರೆದುಕೊಂಡು ನಿಂತ.

"ಸಾವ್ಕಾರ್ರ, ಮ್ಯಾಲ ಹೋಗಾಕ ಮೆಟ್ಲು ಎಲ್ಲಿಂದ ತಗೊಳ್ಳಲಿ?"

"ಕಾಗದದಾಗ ಐತಲ್ಲೋ."

"ಮೂರರಾಗೂ ಐತ್ರಿ. ನೀವು ಯಾವುದಕ್ಕೂ ಗುಂಡ ಹಾಕಿಲ್ಲ."

ಮೂರು ನಕ್ಷೆಗಳಲ್ಲೂ ಮೆಟ್ಟಿಲಿತ್ತು. ಮೂರರಿಂದಲೂ ಒಂದೊಂದು ತುಂಡು ಕಿತ್ತುಕೊಂಡವರು ಯಾರ ಮೆಟ್ಟಿಲನ್ನೂ ಕಿತ್ತುಕೊಂಡಿರಲಿಲ್ಲ. ಮೆಟ್ಟಿಲು ಅಂಥ ನೋಡುವ ವಸ್ತುವಲ್ಲವಲ್ಲ! ನಾನು ನಕ್ಕುಬಿಟ್ಟೆ. ನಗಬಾರದಿತ್ತು, ಏಕೆಂದರೆ ನಮ್ಮ ಮನೆಯವರು ಆಗ ಸುತ್ತ ಒಮ್ಮೆ ಕಣ್ಣಾಡಿಸಿದರು. ಹಾಲ್ ಕಿರಿದು ಮಾಡುವಂತಿರಲಿಲ್ಲ. ದೇವರ ಕೋಣೆಯನ್ನು ಮುಟ್ಟುವಂತಿರಲಿಲ್ಲ. ಮಲಗುವ ಕೋಣೆಗಳು ಸಾಲು ತಪ್ಪುವಂತಿರಲಿಲ್ಲ. ಅವರ ಕೈ ನನ್ನ ಕೋಣೆಯ ಕಡೆಗೆ ಹೋಯಿತು.

"ಅಲ್ಲಿ ತಗೋ. ಅಲ್ಲೇನಿಲ್ಲ, ಸ್ಟೋರ್."

"ಅದು ಸ್ಟೋರ್ ಅಲ್ರಿ" ಎಂದೆ. "ನಾ ರೊಟ್ಟಿ ಎಲ್ಲಿ ಬಡೀಲಿ?"

ಅವರು ನನ್ನ ಮುಖ ನೋಡಲಿಲ್ಲ. ಮೇಸ್ತ್ರಿಯ ಮುಂದೆ ದನಿ ತಗ್ಗಿಸಿ, ಬುದ್ಧಿ ಹೇಳುವವರಂತೆ ಹೇಳಿದರು: "ಇನ್ನ ಯಾಕ ಬಡೀತಿ ಬಿಡು. ಇಷ್ಟು ದೊಡ್ಡ ಮನಿ ಕಟ್ಟಿ, ಸಂದ್ಯಾಗ ರೊಟ್ಟಿ ಮಾರಿದ್ರ ಮಂದಿ ಏನಂದಾರು? ಆರಾಮ ಇರು."

ಆರಾಮ ಇರು. ರೊಟ್ಟಿಯಿಂದ ಓದಿದವರು, ರೊಟ್ಟಿಯಿಂದ ಅಂಗಡಿ ಹಾಕಿದವರು, ಸೈಟಿಗೂ ರೊಟ್ಟಿಯ ಕಾಸು ಹಾಕಿಸಿಕೊಂಡವರು ಹೇಳಿದ ಮಾತು ಇದು. ಹತ್ತಿದ ಏಣಿಯನ್ನು ಒದೆಯುವುದು ಎಂದರೆ ಕೇಳಿದ್ದೆ. ಏಣಿ ಒದ್ದ ಜಾಗದಲ್ಲಿ ಮೆಟ್ಟಿಲು ಕಟ್ಟಿಸಿದ್ದನ್ನು ಅವತ್ತು ನೋಡಿದೆ. ಮೈಯೆಲ್ಲ ಉರಿಯಿತು. ಆದರೆ ಮೇಸ್ತ್ರಿ ಮುಂದೆ ಜಗಳ ಆಡುವ ಹೆಂಗಸು ನಾನಲ್ಲ. ಹಳೇ ಮನೆಗೆ ಹೋಗಿ ಆ ದಿನದ ರೊಟ್ಟಿ ಬಡಿದೆ. ಅವತ್ತಿನ ರೊಟ್ಟಿ ಬಹಳ ತೆಳ್ಳಗಿದ್ದವು ಎಂದು ಖಾನಾವಳಿಯವರು ಹೊಗಳಿದರು.

ಗೃಹಪ್ರವೇಶಕ್ಕೆ ನಮ್ಮ ಮನೆಯವರು ಆ ಹುಡುಗಿಯನ್ನೂ ಕರೆದರು. ನಾಚಿಕೆ ಎಂಬುದು ಇದ್ದಿದ್ದರೆ ಕರೆಯುತ್ತಿರಲಿಲ್ಲ. ಅವರು ಹೆಮ್ಮೆಯಿಂದ ಕರೆದದ್ದು. ಕಂಪ್ಲಿಯ ಸಾಹುಕಾರರೂ ಬಂದಿದ್ದರು, ಹಾಲಿಗೆ ಬಂದವರೇ ವೇದಿಕೆ ಎಡವಿ ಸೋಫಾದ ಮೇಲೆ ಬಿದ್ದು, ಬೇಕೆಂದೇ ಕೂತವರ ಹಾಗೆ ಕಾಲು ಮೇಲೆ ಕಾಲು ಹಾಕಿಕೊಂಡರು. ಹುಡುಗಿ ಬಂದಾಗ ನಮ್ಮ ಮನೆಯವರು ಎದ್ದು ಹೋಗಿ ಬರಮಾಡಿಕೊಂಡರು.

"ಬರ್ರಿ ಮೇಡಂ, ಬರ್ರಿ. ನೋಡ್ರಿ, ಎಲ್ಲಾ ನಿಮ್ಮ ಐಡಿಯಾನ! ಒಂದೂ ಬಿಟ್ಟಿಲ್ಲ."

ಅವಳು ನೋಡಿದಳು. ಹಾಲಿನ ಗೋಡೆಯಲ್ಲಿ ಅವಳ ಕಿಟಕಿ ಇತ್ತು. ಅದೇ ಅಳತೆ, ಅದೇ ಎತ್ತರ. ಹಿಂದುಗಡೆ ಮುಚ್ಚಿಸಿ ಗೂಡು ಮಾಡಿದ್ದರು. ಒಳಗೆ ಮುಂಗಾಲು ಎತ್ತಿದ ಒಂದು ಪ್ಲಾಸ್ಟಿಕ್ ಕುದುರೆ, ಅದರ ನೆತ್ತಿಯ ಮೇಲೆ ಒಂದು ದೀಪ. ಮಲಗುವ ಕೋಣೆಯಲ್ಲಿ ಕಿಂಡಿಗಳಿದ್ದವು. ಝಳ ಹೊರಹೋಗಲು ಅಲ್ಲಿ ಒಲೆ ಇರಲಿಲ್ಲ, ಒಳಗೆ ಬರಲು ಮಾತ್ರ ರಸ್ತೆಯ ಧೂಳಿತ್ತು. ಅದಿರಿನ ಲಾರಿಗಳು ಹಾದುಹೋದಂತೆ ಹೊಸ ಹಾಸಿಗೆಯ ಬಿಳಿ ಹೊದಿಕೆ ಆಗಲೇ ಕೆಂಪಗಾಗತೊಡಗಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ನಮ್ಮ ಮನೆಯ ಮೈತುಂಬ ಮಲ್ಲಿಗೆಯೇ ಇತ್ತು. ಹುಡುಗಿ ನನ್ನ ಕಡೆ ತಿರುಗಿ ಕೇಳಿದಳು: "ಅಕ್ಕಾರ, ನೀವು ರೊಟ್ಟಿ ಎಲ್ಲಿ ಬಡೀತೀರಿ?"

ನಾನು ಅವಳನ್ನು ಮೆಟ್ಟಿಲ ಕೆಳಗೆ ಕರೆದುಕೊಂಡು ಹೋದೆ. ತಲೆ ಬಗ್ಗಿಸಿ ನಿಲ್ಲಬೇಕಾದ ಓರೆ ಜಾಗ. ಇನ್ವರ್ಟರ್ ಮತ್ತು ಅದರ ಬ್ಯಾಟರಿ ಅಲ್ಲಿ ಕೂತಿದ್ದವು. ನಮ್ಮ ಅತ್ತೆಯ ಹಂಚನ್ನು ಯಾರೋ ಅದರ ಹಿಂದೆ ಗೋಡೆಗೆ ಒರಗಿಸಿ ಇಟ್ಟಿದ್ದರು. ಹುಡುಗಿ ಬಗ್ಗಿ ಅದನ್ನು ನೋಡಿ ಎದ್ದು ನಿಂತಾಗ ಅವಳ ಮುಖ ಬದಲಾಗಿತ್ತು. ಹಾಲಿಗೆ ಬಂದು ನಮ್ಮ ಮನೆಯವರಿಗೆ ಮೆತ್ತಗೆ ಹೇಳಿದಳು:

"ಸರ್, ಐಡಿಯಾ ಒಂದ ಇತ್ರಿ. ಅಕ್ಕಾರು ಏಳಲಾರ್ದ ಕುಂತಲ್ಲೇ ರೊಟ್ಟಿ ಬಡೀಬೇಕು ಅನ್ನೋದು. ಉಳಿದಿದ್ದೆಲ್ಲಾ ಅದಕ್ಕ ಬೇಕಾಗಿದ್ವು ಅಷ್ಟ. ಆ ಒಂದನ್ನ ಬಿಟ್ಟು ಮಿಕ್ಕಿದ್ದೆಲ್ಲಾ ತಗೊಂಡೀರಿ."

"ಹಂಗಂದ್ರ? ರೊಕ್ಕ ಕೊಟ್ಟೀವಲ್ರಿ ಮೇಡಂ" ಎಂದರು ಅವರು. ಸೋಫಾದ ಮೇಲಿದ್ದ ಸಾಹುಕಾರರು ಹೌದೆಂಬಂತೆ ತಲೆ ಆಡಿಸಿದರು.

ಹುಡುಗಿ ಊಟ ಮಾಡಿ ಹೋದಳು. ನಾನೇ ಬಲವಂತ ಮಾಡಿ ಕೂರಿಸಿದೆ. ಹೋಳಿಗೆ ಬಡಿಸುವಾಗ ಅವಳ ಕಿವಿಯಲ್ಲಿ ಒಂದು ಮಾತು ಕೇಳಿದೆ. ಅವಳು ತಲೆ ಎತ್ತಿ ನನ್ನನ್ನು ನೋಡಿ, ಆಗಬಹುದು ಎಂದಳು.

ಹಳೇ ಓಣಿಯ ಬಾಡಿಗೆ ಮನೆಯ ಕೀಲಿಯನ್ನು ನಾನು ವಾಪಸು ಕೊಡಲಿಲ್ಲ. ಮನೆಯ ಒಡತಿ ವಯಸ್ಸಾದವರು, ಅತ್ತೆಯ ಗೆಳತಿ. "ಬಾಡಿಗೆ ಇನ್ನು ಮುಂದೆ ನನ್ನ ಹೆಸರಿಗೆ" ಎಂದೆ. ಅವರು "ಮೊದಲೇನು ಬೇರೇರು ಕೊಡ್ತಿದ್ರೇನವ್ವಾ?" ಎಂದು ಕೇಳಿದರು. ಗೋಡೆ ಒಡೆದು ಕಿಟಕಿ ಇಡಲೂ ಅವರು ಒಪ್ಪಿದರು. ಅಡುಗೆಮನೆಯ ನೆಲ ಎತ್ತರಿಸಿದ್ದು, ಓಣಿಯ ಕಡೆಗೆ ಕಿಟಕಿ ಕೂರಿಸಿದ್ದು, ಸೂರಿನ ಹತ್ತಿರ ಕಿಂಡಿ ಬಿಟ್ಟದ್ದು, ಹೊರಗೆ ಒರಟು ಕಲ್ಲಿನ ಕಟ್ಟೆ ಹಾಕಿದ್ದು, ಎಲ್ಲವನ್ನೂ ಆ ಹುಡುಗಿ ನಿಂತು ಮಾಡಿಸಿದಳು. ಮೊದಲ ಕಾಗದದಿಂದ ಕೊನೆಯ ಕಾಗದದವರೆಗೆ ಅವಳ ದುಡ್ಡು ಅವಳಿಗೆ ಕೊಟ್ಟೆ. ತೆಗೆದುಕೊಳ್ಳುವಾಗ ಅವಳು ಸಂಕೋಚಪಟ್ಟಳು. "ತಗೋವ್ವಾ, ನೀನು ಬಡಿದ ರೊಟ್ಟಿ ಇದು" ಎಂದೆ.

ಈಗ ನಾನು ಬೆಳಗ್ಗೆ ಡ್ಯಾಂ ರಸ್ತೆಯ ಅರಮನೆಯಿಂದ ಆಟೋ ಹಿಡಿದು ಓಣಿಗೆ ಬರುತ್ತೇನೆ, ಸಂಜೆ ಹಿಂದಿರುಗುತ್ತೇನೆ. ಕಂಪ್ಲಿಯ ಕಡೆಯವರು ಹಗಲು ಹೊತ್ತು ಹೊಸ ಮನೆ ನೋಡಲು ಬಂದರೆ ಅವರಿಗೆ ಚಹಾ ಕೊಡಲು ಅಲ್ಲಿರುವುದು ಕುದುರೆ ಒಂದೇ. ಮಂದಿ ಏನಂದಾರು ಎಂದು ನಮ್ಮ ಮನೆಯವರು ಮೊದಮೊದಲು ಹಾರಾಡಿದರು. ಮಂದಿ ಏನೂ ಅನ್ನಲಿಲ್ಲ. ಮಂದಿ ಕಿಟಕಿಯ ಹೊರಗೆ ಕಲ್ಲಿನ ಕಟ್ಟೆಯ ಮೇಲೆ ಕೂತು ರೊಟ್ಟಿಗೆ ಕಾಯುತ್ತಿದ್ದರು. ನನ್ನ ಮೊಣಕಾಲು ಸುಮ್ಮನಾಗಿದೆ.

ಮೊನ್ನೆ ಮಧ್ಯಾಹ್ನ ಹಿಟ್ಟು ನಾದುತ್ತಿದ್ದಾಗ ಕಿಟಕಿಯಲ್ಲಿ ಪರಿಚಯದ ಉಂಗುರವಿದ್ದ ಕೈಯೊಂದು ಕಂಡಿತು. ತಲೆ ಎತ್ತಿದರೆ ನಮ್ಮ ಮನೆಯವರು. ಅಂಗಡಿಯಿಂದ ನೇರ ಬಂದಿದ್ದರು, ಹಸಿದಿದ್ದರು. ಖಾನಾವಳಿಯ ಆಳು, ಇಬ್ಬರು ಲಾರಿ ಡ್ರೈವರುಗಳು ಅವರ ಹಿಂದೆ ನಿಂತಿದ್ದರು. ಒಳಗೆ ಬರುವ ದಾರಿ ಅವರಿಗೆ ಗೊತ್ತಿತ್ತು, ಅವರು ಬೆಳೆದ ಮನೆ. ಆದರೂ ಯಾಕೋ ಕಿಟಕಿಗೇ ಬಂದಿದ್ದರು. ನಾನು ಹಂಚಿನಿಂದ ಆಗ ತಾನೇ ಇಳಿದ ರೊಟ್ಟಿಯನ್ನು, ಮೇಲಿಷ್ಟು ಶೇಂಗಾ ಚಟ್ನಿ ಹಾಕಿ, ಕೂತಲ್ಲಿಂದಲೇ ಅವರ ಕೈಗಿಟ್ಟೆ. ಎರಡು ತುತ್ತಿನಲ್ಲಿ ಮುಗಿಸಿದರು. ಮತ್ತೆ ಕೈ ಚಾಚಿದರು.

"ಮೊದಲನೇದರದು ಕೊಡ್ರಿ" ಎಂದೆ.

"ನನ್ನ ಹತ್ರಾನೂ ರೊಕ್ಕ ಕೇಳ್ತೀಯೇನು?" ಎಂದು ಅಕ್ಕಪಕ್ಕ ನೋಡಿ ನಗಲು ಹೋದರು. ನಾನು ನಗಲಿಲ್ಲ. ಕಿಸೆಗೆ ಕೈ ಹಾಕಿ ಕೊಟ್ಟರು. ಮತ್ತೆ ಕೈ ಚಾಚಿದರು.

ನಾನು ಒಂದು ಉಂಡೆ ಹಿಟ್ಟು ತೆಗೆದು, ಅವರು ಚಾಚಿದ ಅಂಗೈ ಮೇಲೆ ಇಟ್ಟೆ.

"ಮೊದಲನೇದಕ್ಕ ರೊಕ್ಕ ಕೊಟ್ಟೀರಿ, ಐಡಿಯಾ ನಿಮ್ದಾತು. ಉಳಿದವು ನೀವ ಬಡ್ಕೊಳ್ರಿ" ಎಂದು ಹೇಳಿ, ಹಿಂದೆ ನಿಂತಿದ್ದ ಡ್ರೈವರಿಗೆ ಎಷ್ಟು ರೊಟ್ಟಿ ಬೇಕೆಂದು ಕೇಳಿದೆ.